ಸಹಿ ಹಾಕದ ಜಾಮೀನುದಾರರು

ಬ್ಯಾಂಕಿನ ಸಾಲಕ್ಕೆ ಜಾಮೀನುದಾರನನ್ನು ಕರೆತರುವುದು ಹಳೆಯ ಪದ್ಧತಿ. ಜಾಮೀನು ನಿಲ್ಲುವವನು ಪತ್ರದಲ್ಲಿರುವುದನ್ನು ಕೇಳಿ ತಿಳಿದು, ತಾನೇ ಸಹಿ ಹಾಕುತ್ತಾನೆ. ಕೊರೋನಾ ಕಾಲದಲ್ಲಿ ಹಬ್ಬಿದ ಸಾಲದ ಆ್ಯಪ್‌ಗಳು ಈ ಮರ್ಯಾದೆಯನ್ನು ಮುರಿದವು. ಅವುಗಳಲ್ಲಿ ಹಲವು, ಸಾಲಗಾರನ ಮೊಬೈಲಿನಲ್ಲಿದ್ದ ನಂಬರುಗಳನ್ನೂ ಛಾಯಾಚಿತ್ರಗಳನ್ನೂ ಸೆಳೆದುಕೊಂಡು, ಕಂತು ತಪ್ಪಿದೊಡನೆ ಬಂಧುಮಿತ್ರರಿಗೆ ಕರೆ ಮಾಡಿ ಅವನ ಮಾನ ಹರಾಜು ಹಾಕಿದವು. ಸಹಿ ಹಾಕದೆಯೇ ಅವರೆಲ್ಲ ಜಾಮೀನುದಾರರಾದರು! ಅವಮಾನ ತಾಳಲಾರದೆ ಪ್ರಾಣ ಕಳೆದುಕೊಂಡವರೂ ಉಂಟು.

2021ರಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡವು ಸುಮಾರು 1,100 ಸಾಲದ ಆ್ಯಪ್‌ಗಳನ್ನು ಪರಿಶೀಲಿಸಿ, ಅವುಗಳಲ್ಲಿ 600 ಅಕ್ರಮವೆಂದು ವರದಿ ಮಾಡಿತು. 2022ರ ಸೆಪ್ಟೆಂಬರಿನ ಮಾರ್ಗಸೂಚಿಯು ಸಂಪರ್ಕ ಪಟ್ಟಿ, ಕರೆಗಳ ವಿವರ, ಕಡತಗಳನ್ನು ಮುಟ್ಟಕೂಡದೆಂದು ವಿಧಿಸಿತು. ಗ್ರಾಹಕನ ಗುರುತು ಪರಿಶೀಲನೆಗಾಗಿ ಕ್ಯಾಮೆರಾ ಮುಂತಾದವನ್ನು ಅವನ ಒಪ್ಪಿಗೆ ಪಡೆದು ಒಂದು ಸಲ ಮಾತ್ರ ಬಳಸಬಹುದೆಂದಿತು. ಆದರೆ ಈ ಅಂಕುಶವು ರಿಸರ್ವ್ ಬ್ಯಾಂಕಿನ ಅಧೀನ ಸಂಸ್ಥೆಗಳಿಗೂ ಅವುಗಳ ಪಾಲುದಾರರಿಗೂ ಸೀಮಿತ. ಅಕ್ರಮ ದಂಧೆಯವರು ಮಾರ್ಗಸೂಚಿಯನ್ನು ಓದುತ್ತ ಕೂರುವುದಿಲ್ಲ. ಗೂಗಲ್ ಸಂಸ್ಥೆಯು 2023ರ ಮೇ 31ರಿಂದ ತನ್ನ ಪ್ಲೇ ಸ್ಟೋರಿನ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಸಂಪರ್ಕ ಪಟ್ಟಿ ಹಾಗೂ ಚಿತ್ರಗಳ ಬಾಗಿಲನ್ನು ಮುಚ್ಚಿತಾದರೂ, ಲಿಂಕ್ ಮೂಲಕ ನೇರವಾಗಿ ಮೊಬೈಲಿಗಿಳಿಯುವ ಆ್ಯಪ್‌ಗಳಿಗೆ ಈ ತಡೆಯಿಲ್ಲ.

ಇಲ್ಲಿ ಮೂಲಭೂತ ಪ್ರಶ್ನೆಯೊಂದಿದೆ. ತಂತ್ರಾಂಶ ರಚಿಸುವವರು ಮೊದಲ ದಿನವೇ ‘ಈ ಮಾಹಿತಿ ನಮಗೆ ಏಕೆ ಬೇಕು?’ ಎಂದು ಕೇಳಿಕೊಳ್ಳಬೇಡವೆ? ಸಂಗ್ರಹಿಸದ ಮಾಹಿತಿ ಸೋರಿಹೋಗುವುದಿಲ್ಲ, ದುರ್ಬಳಕೆಯೂ ಆಗುವುದಿಲ್ಲ. ಸಾಲಗಾರನು ‘ಒಪ್ಪಿದ್ದೇನೆ’ ಎಂದು ಒತ್ತಿದರೂ, ಅವನ ಪಟ್ಟಿಯಲ್ಲಿರುವ ನೂರಾರು ಮಂದಿಯ ಪರವಾಗಿ ಒಪ್ಪುವ ಅಧಿಕಾರ ಅವನಿಗೆಲ್ಲಿಯದು?

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸುತ್ತದೆ. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು; ಮುಖ್ಯ ಕರ್ತವ್ಯಗಳ ಜಾರಿಗೆ 18 ತಿಂಗಳ ಅವಧಿ ನೀಡಲಾಯಿತು.

ಹೊರನಾಡ ಕನ್ನಡಿಗರು ಗಮನಿಸಬೇಕಾದ ಅಂಶವೊಂದು ಈ ಕಾಯಿದೆಯಲ್ಲಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕನಿಗಿರಬೇಕು. ಮುಂಬಯಿಯಲ್ಲಿದ್ದರೂ ದಿಲ್ಲಿಯಲ್ಲಿದ್ದರೂ ಕನ್ನಡದಲ್ಲಿ ಕೇಳುವ ಹಕ್ಕು ನಮ್ಮದು. ಆದರೆ ಯಾರಿಗೂ ಅರ್ಥವಾಗದ ಅನುವಾದದಿಂದ ಪ್ರಯೋಜನವಿಲ್ಲ. ಯಾವ ಮಾಹಿತಿ, ಯಾವ ಉದ್ದೇಶಕ್ಕೆ, ಒಪ್ಪಿಗೆ ಹಿಂಪಡೆಯುವುದು ಹೇಗೆ – ಇಷ್ಟನ್ನು ಸರಳ ಕನ್ನಡದಲ್ಲಿ ಹೇಳಲಾಗದ ಆ್ಯಪ್‌ಗೆ ನಮ್ಮ ಒಪ್ಪಿಗೆಯನ್ನು ಕೊಡದಿರುವುದೇ ಲೇಸು.