ವಾರಕ್ಕೊಂದು ಆಲ್ಬಂ – 14: ನೀಲ್ ಯಂಗ್, ‘ಹಾರ್ವೆಸ್ಟ್’ (1972)

ಹತ್ತು ಹಾಡು, 37 ನಿಮಿಷ. ಕಾಲೇಜಿಂದ ಮನೆಗೆ ಬರೋ ಬಸ್ಸಲ್ಲೇ ಮುಗಿದುಹೋಗುತ್ತೆ. ಹೋದ ವಾರದ ಪೋಲ್‌ನಲ್ಲಿ ನಿಮ್ಮಲ್ಲಿ ಹೆಚ್ಚಿನವರು ಕೇಳಿದ್ದು ಇದನ್ನೇ. ಹಾಗಾಗಿ ಮೊದಲೇ ಹೇಳ್ಬಿಡ್ತೀನಿ, ಬೈಬೇಡಿ: ನನಗೆ ಇದು ಅರ್ಧ ಮಾತ್ರ ಇಷ್ಟ. ಆದ್ರೆ ಆ ಅರ್ಧ ಸಿಕ್ಕಾಪಟ್ಟೆ ಇಷ್ಟ.

1971ರ ಫೆಬ್ರವರಿ. ಕೆನಡಾದ ಈ 25ರ ಹುಡುಗ ಜಾನಿ ಕ್ಯಾಶ್‌ನ ಟೀವಿ ಶೋಗೆ ಅಂತ ಅಮೆರಿಕದ ನ್ಯಾಶ್‌ವಿಲ್‌ಗೆ ಬಂದವನು, ಅಲ್ಲೇ ಒಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಶುರು ಮಾಡ್ತಾನೆ. ಬೆನ್ನು ನೋವು, ಎಲೆಕ್ಟ್ರಿಕ್ ಗಿಟಾರ್ ಭಾರ ಹೊರೋದೇ ಕಷ್ಟ. ಹಾಗಾಗಿ ಅಕೌಸ್ಟಿಕ್. ಮೊದಲ ಹಾಡು ‘ಔಟ್ ಆನ್ ದಿ ವೀಕೆಂಡ್’ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಕೆನಿ ಬಟ್ರಿಯ ಡ್ರಮ್ಸ್ ಎಷ್ಟು ಕಮ್ಮಿ ಅಂದ್ರೆ, ಪಕ್ಕದ ರೂಮಲ್ಲಿ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಅನ್ನೋ ಥರ. ಅದರ ಮೇಲೆ ಬೆನ್ ಕೀತ್‌ನ ಪೆಡಲ್ ಸ್ಟೀಲ್ ಉದ್ದಕ್ಕೆ ಎಳೆದುಕೊಂಡು ಹೋಗುತ್ತೆ. ಯಾರಿಗೂ ಜಾಣತನ ತೋರಿಸೋ ಆಸೆ ಇಲ್ಲ.

‘ಹಾರ್ಟ್ ಆಫ್ ಗೋಲ್ಡ್’ ಬಗ್ಗೆ ನಾನೇನೂ ಹೇಳಬೇಕಿಲ್ಲ, ರೀಲ್ಸಲ್ಲೇ ಕೇಳಿರ್ತೀರ. ಅಮೆರಿಕದಲ್ಲಿ ಅವನ ಒಂದೇ ಒಂದು ನಂಬರ್ 1 ಹಾಡು ಅದು. ಆಲ್ಬಂ ಕೂಡ ಆ ವರ್ಷ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಯ್ತು. ಬಿಕಾಂ ಬುದ್ಧಿ ಏನನ್ನುತ್ತೆ? ಮುಂದಿನ ವರ್ಷವೇ ‘ಹಾರ್ವೆಸ್ಟ್ 2’ ಬಿಡು ಅನ್ನುತ್ತೆ. ಇವನು 1973ರಲ್ಲಿ ಬಿಟ್ಟಿದ್ದು ‘ಟೈಮ್ ಫೇಡ್ಸ್ ಅವೇ’ ಅನ್ನೋ ಒರಟು ಲೈವ್ ರೆಕಾರ್ಡಿಂಗು. ನಮ್ಮ ಮಾರ್ಕೆಟಿಂಗ್ ಲೆಕ್ಚರರ್ ಇದನ್ನ ಕೇಳಿದ್ರೆ ಅಟೆಂಡೆನ್ಸ್ ಕೊಡಲ್ಲ.

ಸರಿ, ಇಷ್ಟವಾಗದ ಅರ್ಧಕ್ಕೆ ಬರ್ತೀನಿ.

ಮೂರನೇ ಹಾಡು ‘ಎ ಮ್ಯಾನ್ ನೀಡ್ಸ್ ಎ ಮೇಡ್’. ಪ್ರೀತಿ ಅಂದ್ರೆ ಭಯ, ಅದರ ಬದಲು ಮನೆ ಕ್ಲೀನ್ ಮಾಡಿ, ಅಡುಗೆ ಮಾಡಿಟ್ಟು ಹೋಗೋ ಒಬ್ಬಳು ಸಿಕ್ಕಿದ್ರೆ ಸಾಕು ಅನ್ನೋ ಹಾಡು. ಫ್ಯಾನ್ಸ್ ಹೇಳ್ತಾರೆ: ಅದು ಒಂಟಿತನದ ಮಾತು, ಅಕ್ಷರಶಃ ತಗೋಬೇಡ. ಒಪ್ತೀನಿ. ಆದ್ರೆ ನಮ್ಮಮ್ಮ ಮೂರು ಮನೆ ಪಾತ್ರೆ ತೊಳೆದು, ನೆಲ ಒರೆಸಿ ನನ್ನ ಸೆಮಿಸ್ಟರ್ ಫೀಸ್ ಕಟ್ತಾಳೆ. ನಾನು ಅಕ್ಷರಶಃ ತಗೊಳ್ಳದೆ ಹೇಗಿರಲಿ? ಒಂದಿನ ಸ್ಪೀಕರ್‌ನಲ್ಲಿ ಹಾಕಿದ್ದೆ. ಅಮ್ಮ, “ಏನಂತೆ ಅವನಿಗೆ, ಇಷ್ಟು ಗೋಳು?” ಅಂದ್ಳು. ಅರ್ಥ ಹೇಳಿದೆ. “ಆ ಕೆಲಸದವಳ ಬಗ್ಗೆ ಏನಾದ್ರೂ ಹೇಳ್ತಾನಾ?” ಅಂದ್ಳು. ಇಲ್ಲಮ್ಮ ಅಂದೆ. ಸುಮ್ನೆ ಸೊಪ್ಪು ಬಿಡಿಸ್ತಾ ಕೂತ್ಳು.

ನನ್ನ ಸಿಟ್ಟು ಪದಗಳಿಗಿಂತ ಜಾಸ್ತಿ ಆರ್ಕೆಸ್ಟ್ರಾ ಮೇಲೆ. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಕರೆಸಿ, ಒಬ್ಬ ಹುಡುಗನ ಪುಕ್ಕಲುತನವನ್ನ ಯುದ್ಧ ಗೆದ್ದ ರಾಜನ ಮೆರವಣಿಗೆ ಮಾಡಿಬಿಟ್ಟಿದ್ದಾರೆ. ಅನುಮಾನ ಇದ್ರೆ 1971ರ ಜನವರಿಯ ಮ್ಯಾಸಿ ಹಾಲ್ ಲೈವ್ ಕೇಳಿ, 2007ರಲ್ಲಿ ಹೊರಬಂತು. ಅದೇ ಹಾಡು, ಬರೀ ಪಿಯಾನೊ. ಅಲ್ಲಿ ಅವನಿಗೆ ಭಯ ಆಗಿದೆ, ಗೊತ್ತಾಗುತ್ತೆ. ಪಾಪ ಅನ್ಸುತ್ತೆ ಕೂಡ. ‘ದೇರ್ಸ್ ಎ ವರ್ಲ್ಡ್’ನಲ್ಲೂ ಅದೇ ಆರ್ಕೆಸ್ಟ್ರಾ ಭಾರ. ಅದನ್ನ ಸ್ಕಿಪ್ ಮಾಡಿ, ಏನೂ ಕಳ್ಕೊಳ್ಳಲ್ಲ.

ಮಜಾ ಏನು ಗೊತ್ತಾ? ಇದೇ ಆಲ್ಬಂನಲ್ಲಿ ‘ಓಲ್ಡ್ ಮ್ಯಾನ್’ ಇದೆ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇವನು ಒಂದು ರ‍್ಯಾಂಚ್ ಕೊಂಡಾಗ ಅದನ್ನ ನೋಡ್ಕೋತಿದ್ದವನು ಲೂಯಿಸ್ ಅವಿಲಾ ಅನ್ನೋ ವಯಸ್ಸಾದ ಮನುಷ್ಯ. ಇಷ್ಟು ಚಿಕ್ಕ ಹುಡುಗನ ಹತ್ರ ಇಷ್ಟು ದುಡ್ಡು ಎಲ್ಲಿಂದ ಬಂತು ಅಂತ ಅವನಿಗೆ ಆಶ್ಚರ್ಯ. ಅವನನ್ನ ನೋಡಿ ಬರೆದ ಹಾಡು ಇದು. ಇಲ್ಲೂ ಹೆಸರಿಲ್ಲ. ಆದ್ರೆ ಇಲ್ಲಿ ಯಜಮಾನ ಕೆಲಸದವನ ಎದುರಿಗೆ ನಿಂತು, ನಾನೂ ನಿನ್ನ ಥರಾನೇ ಅಂತ ಮುಖ ನೋಡಿ ಹೇಳ್ತಾನೆ. ಜೇಮ್ಸ್ ಟೇಲರ್‌ನ ಬ್ಯಾಂಜೊ, ಲಿಂಡಾ ರಾನ್‌ಸ್ಟಾಟ್‌ಳ ದನಿ ಸೇರಿದ ಮೇಲೆ ಆ ಹಾಡನ್ನ ಮುಟ್ಟೋರಿಲ್ಲ. ತೋಟ ಕಾಯೋ ತಾತನಿಗೆ ಸಿಕ್ಕ ಆ ಒಂದು ನೋಟ ಪಾತ್ರೆ ತೊಳೆಯೋಳಿಗೆ ಯಾಕೆ ಸಿಗಲಿಲ್ಲ? ಬರೆಯೋ ಶಕ್ತಿ ಇಲ್ಲದವನಾಗಿದ್ರೆ ನಾನು ಕೇಳ್ತಾನೇ ಇರಲಿಲ್ಲ.

(‘ಅಲಬಾಮಾ’ ಬಗ್ಗೆ ಜಗಳ ಆಡೋರಿಗೆ: ಆ ಪದಗಳಲ್ಲಿ ದೂರೋ ದನಿ, ಮೇಲಿಂದ ನೋಡೋ ದನಿ ಇತ್ತು ಅಂತ 2012ರ ಆತ್ಮಕಥೆಯಲ್ಲಿ ಅವನೇ ಒಪ್ಕೊಂಡಿದ್ದಾನೆ. ಹಾಡಿನ ಗಿಟಾರ್ ಮಾತ್ರ ಬೆಂಕಿ.)

ಕೊನೆಗೆ ‘ದಿ ನೀಡ್ಲ್ ಅಂಡ್ ದಿ ಡ್ಯಾಮೇಜ್ ಡನ್’. ಎರಡು ನಿಮಿಷ, ಒಂದು ಗಿಟಾರ್, ಯುಸಿಎಲ್‌ಎನಲ್ಲಿ ಜನರ ಮುಂದೆ ಹಾಡಿದ್ದು. ಜೊತೆಗಾರ ಡ್ಯಾನಿ ವಿಟನ್ ಹೆರಾಯಿನ್‌ಗೆ ಬಿದ್ದಿದ್ದನ್ನ ನೋಡಿ ಬರೆದಿದ್ದು. ಆಲ್ಬಂ ಬಂದಿದ್ದು ಫೆಬ್ರವರಿ 1972. ಅದೇ ನವೆಂಬರ್‌ನಲ್ಲಿ ಡ್ಯಾನಿ ಸತ್ತ. ಹಾಡು ಮುಗಿದು ಜನ ಚಪ್ಪಾಳೆ ಹೊಡೀತಾರೆ, ಆ ಚಪ್ಪಾಳೆ ಇನ್ನೂ ನಿಲ್ಲೋ ಮುಂಚೆನೇ ಕತ್ತರಿಸಿದ ಹಾಗೆ ‘ವರ್ಡ್ಸ್’ ಶುರುವಾಗುತ್ತೆ. ನಾನು ಪ್ರತಿ ಸಲ ಅಲ್ಲಿ ಪಾಸ್ ಒತ್ತುತ್ತೀನಿ.

ಮುಂದಿನ ವಾರ ಜೋನಿ ಮಿಚೆಲ್‌ಳ ‘ಬ್ಲೂ’. ಜಗಳಕ್ಕೆ ಕಮೆಂಟ್ಸ್ ಓಪನ್ ಇದೆ.