ಟೇಪಿನ ತಪ್ಪಿಗೆ ಎಲ್ಲ ಆಪರೇಷನ್ನಿಗೂ ಶಿಕ್ಷೆಯೇ?

ಕೆಮ್ಮಿದಾಗ, ಸೀನಿದಾಗ, ಬಿಂದಿಗೆ ಎತ್ತಿದಾಗ ಮೂತ್ರ ಸೋರುವ ಹೆಂಗಸರಿಗೆ ಶಸ್ತ್ರಚಿಕಿತ್ಸೆಯೇ ಬೇಡ ಎನ್ನುವವರು ಮೊದಲು ಎತ್ತುವ ಮಾತು, ‘ಅಮೆರಿಕದಲ್ಲೇ ಮೆಶ್ (ದೇಹದೊಳಗೆ ಇಡುವ ಪ್ಲಾಸ್ಟಿಕ್ ಬಲೆ) ನಿಷೇಧವಾಗಿದೆ’. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾರಾಟ ನಿಲ್ಲಿಸಿದ್ದು, ಜಾರಿದ ಅಂಗಗಳಿಗೆ ಆಸರೆಯಾಗಿ ಯೋನಿಯ ಮೂಲಕ ಹಾಕುತ್ತಿದ್ದ ಅಗಲವಾದ ಮೆಶ್ಶನ್ನು. ಮೂತ್ರನಾಳದ ಕೆಳಗೆ ಇಡುವ, ಸುಮಾರು ಒಂದು ಸೆಂಟಿಮೀಟರ್ ಅಗಲದ ಮೆಶ್ ಟೇಪ್ ಆ ಆದೇಶದಲ್ಲಿ ಇರಲಿಲ್ಲ.

ಬ್ರಿಟನ್ನಿನ ಉದಾಹರಣೆ ಇದಕ್ಕಿಂತ ಗಟ್ಟಿ. 2018ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಈ ಟೇಪಿಗೂ ತಡೆ ಬಿತ್ತು. ತೀರದ ನೋವು, ಯೋನಿಯ ಗೋಡೆ ಕೊರೆದು ಹೊರಬಂದ ಟೇಪ್, ಹೇಳಿಕೊಂಡರೆ ನಂಬದ ವೈದ್ಯರು: ಅಲ್ಲಿನ ಸರ್ಕಾರ ನೇಮಿಸಿದ್ದ ಸಮಿತಿಯ 2020ರ ಕಂಬರ್ಲೆಜ್ ವರದಿಯಲ್ಲಿ ಎಲ್ಲವೂ ದಾಖಲಾಗಿದೆ. ಅದನ್ನು ತಳ್ಳಿಹಾಕುವ ಶಸ್ತ್ರವೈದ್ಯರ ಪರ ನಾನಿಲ್ಲ. ಟೇಪ್ ಹಾಕುವುದು ಅರ್ಧ ಗಂಟೆಯ ಕೆಲಸ. ಅದರ ಕಣ್ಣುಗಳೊಳಗೆ ಮಾಂಸ ಬೆಳೆದ ಮೇಲೆ ಪೂರ್ತಿ ತೆಗೆಯುವುದು ಬಲು ಕಷ್ಟ.

ಆದರೆ ಟೇಪ್ ಒಲ್ಲದವಳಿಗೂ ದಾರಿಗಳಿವೆ. ಜಾನ್ ಬರ್ಚ್ 1961ರಲ್ಲಿ ವಿವರಿಸಿದ ವಿಧಾನದಲ್ಲಿ ಮೂತ್ರಕೋಶದ ಕತ್ತಿನ ಎರಡೂ ಬದಿಯನ್ನು ಹೊಲಿಗೆ ಹಾಕಿ ಮೇಲೆತ್ತುತ್ತಾರೆ. ಇನ್ನೊಂದರಲ್ಲಿ ಅವಳದೇ ಕಿಬ್ಬೊಟ್ಟೆಯ ಗಟ್ಟಿ ಪೊರೆಯಿಂದ ಪಟ್ಟಿ ಕತ್ತರಿಸಿ ಮೂತ್ರನಾಳಕ್ಕೆ ಆಸರೆ ಕೊಡುತ್ತಾರೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಇವೆರಡನ್ನೂ ಹೋಲಿಸಿತು: ಎರಡು ವರ್ಷಗಳ ನಂತರ ಈ ಬಗೆಯ ಸೋರಿಕೆಯಲ್ಲಿ ಪೊರೆಯ ಪಟ್ಟಿ ಶೇ. 66ರಷ್ಟು, ಬರ್ಚ್ ವಿಧಾನ ಶೇ. 49ರಷ್ಟು ಮಂದಿಗೆ ಫಲಿಸಿತ್ತು. ಪಟ್ಟಿ ಹಾಕಿಸಿಕೊಂಡವರಲ್ಲಿ ಮೂತ್ರದ ಸೋಂಕು, ಮೂತ್ರ ಕಟ್ಟಿಕೊಳ್ಳುವ ತೊಂದರೆ ಹೆಚ್ಚಿತ್ತು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಗಾಯವೇ ಬೇಡವೆಂದರೆ ಮೂತ್ರನಾಳದ ಸುತ್ತ ಜೆಲ್ ಚುಚ್ಚುವುದುಂಟು. ಗುಣ ಕಡಿಮೆ, ಮತ್ತೆ ಚುಚ್ಚಿಸಬೇಕಾಗಬಹುದು.

‘ವ್ಯಾಯಾಮವೇ ಸಾಕು’ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವನ್ನು ತಿಳಿದವರ ಕೈಯಲ್ಲಿ ಕಲಿತು ಮೂರು ತಿಂಗಳು ಮಾಡದೆ ಆಪರೇಷನ್ ಟೇಬಲ್ ಹತ್ತಬಾರದು. ಆದರೆ 2013ರ ನೆದರ್‌ಲ್ಯಾಂಡ್ಸ್ ಅಧ್ಯಯನದಲ್ಲಿ ಫಿಸಿಯೋಥೆರಪಿಯಿಂದ ಶುರುಮಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕೊನೆಗೆ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡರು. ಅವರು ಸೋಮಾರಿಗಳೇನೂ ಅಲ್ಲ.

‘ಗರ್ಭಕೋಶ ತೆಗೆಸಿದರೆ ಸರಿಹೋಗುತ್ತದೆ’ ಎನ್ನುವವರಿಗೆ ಒಂದೇ ಉತ್ತರ: ಹೋಗುವುದಿಲ್ಲ.

ಇನ್ನು ‘ಹೆತ್ತವರಿಗೆಲ್ಲ ಇದ್ದದ್ದೇ, ಸಹಿಸಿಕೊ’ ಎಂಬ ಹಿರಿಯರ ಮಾತು. ಬಟ್ಟೆ ಒದ್ದೆಯಾದೀತೆಂದು ಮದುವೆ ಮನೆಗೂ ಹೋಗದೆ ಕೂತವಳಿಗೆ ಅದನ್ನು ಹೇಳಲು ಬಾಯಾದರೂ ಹೇಗೆ ಬರುತ್ತದೆ?

ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ: ನನ್ನದು ಕೆಮ್ಮಿನ ಸೋರಿಕೆಯೋ, ತಡೆಯಲಾಗದ ಅವಸರದ ಸೋರಿಕೆಯೋ? ಎರಡನೆಯದಕ್ಕೆ ಈ ಆಪರೇಷನ್‌ಗಳು ಮದ್ದಲ್ಲ. ಟೇಪ್ ಹಾಕಿಸಿಕೊಂಡರೆ ಅದರ ಹೆಸರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.