ಸಿಂಹದ ಮೇಲೊಂದು ಫಿರ್ಯಾದು

ಕಳೆದ ಓಣಂ ರಜೆಯ ಒಂದು ಸಂಜೆ ನನ್ನ ಮಗಳು ಮನೆಯ ಕಚೇರಿ ಕೋಣೆಗೆ ಬಂದು, ಕಕ್ಷಿಗಾರರು ಕೂರುವ ಕುರ್ಚಿಯಲ್ಲಿಯೇ ಕುಳಿತು, ಒಂದು ಫಿರ್ಯಾದನ್ನು ಮುಂದಿಟ್ಟಳು. ಆಕೆ ಎಂಟನೆಯ ತರಗತಿಯ ಹುಡುಗಿ. ಸಿ. ಎಸ್. ಲೂಯಿಸರ ನಾರ್ನಿಯಾ ಕಥೆಗಳ ಏಳು ಪುಸ್ತಕಗಳಲ್ಲಿ ಐದನ್ನು ಅದಾಗಲೇ ಓದಿ ಮುಗಿಸಿದ್ದಳು. ಆ ಕಥೆಗಳಲ್ಲಿ ಅಸ್ಲಾನ್ ಎಂಬ ಸಿಂಹವಿದೆ. ವಿಶ್ವಾಸದ್ರೋಹ ಮಾಡಿದ ಹುಡುಗನೊಬ್ಬನ ಬದಲಿಗೆ ತಾನೇ ಮಾಟಗಾತಿಯ ಕತ್ತಿಗೆ ಕೊರಳೊಡ್ಡಿ, ಮರುದಿನ ಬೆಳಗಾಗುವಾಗ ಮತ್ತೆ ಜೀವಂತವಾಗಿ ಎದ್ದು ಬರುವ ಸಿಂಹ ಅದು. ತರಗತಿಯ ಗೆಳತಿಯೊಬ್ಬಳು, ಆ ಸಿಂಹವೆಂದರೆ ಯೇಸುಕ್ರಿಸ್ತನೇ, ಇದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಹೇಳಿಬಿಟ್ಟಿದ್ದಳಂತೆ.

"ಅಪ್ಪಾ, ಅವರು ಇದನ್ನು ಮೊದಲೇ ಹೇಳಬೇಕಿತ್ತು. ಇದು ಮೋಸ" ಎಂದಳು.

ಅವಳ ಜಗಳ ಯೇಸುವಿನ ಮೇಲಲ್ಲ. ಹೇಳಿದ ಗೆಳತಿಯೂ ಇಗರ್ಜಿಗೆ ಹೋಗುವವಳೇ. ಅವರ ಮನೆಯ ಕ್ರಿಸ್ಮಸ್ ತಿಂಡಿ ಪ್ರತಿವರ್ಷ ನಮ್ಮ ಮನೆಗೆ ಬರುತ್ತದೆ. ತಾನು ಕಥೆಯೆಂದು ಕೈಚಾಚಿ ತೆಗೆದುಕೊಂಡದ್ದರೊಳಗೆ ಬೇರೊಂದನ್ನು ಬಚ್ಚಿಟ್ಟು ಕೊಟ್ಟರಲ್ಲ ಎಂಬುದೇ ಅವಳ ಸಂಕಟ. ಮೋಸ ಎಂಬುದು ನನ್ನ ವೃತ್ತಿಯ ಪದ. ನಮ್ಮ ಕಾನೂನಿನಲ್ಲಿ ಅದನ್ನು ಸಾಬೀತುಪಡಿಸುವುದು ಸುಲಭವಲ್ಲ. ವಂಚಿಸುವ ಉದ್ದೇಶ ವ್ಯವಹಾರದ ಆರಂಭದಲ್ಲಿಯೇ ಇತ್ತೆಂದು ತೋರಿಸಬೇಕು. ಹಾಗಾದರೆ ಈ ಕಥೆಗಳನ್ನು ಬರೆಯತೊಡಗಿದಾಗ ಲೂಯಿಸರ ಮನಸ್ಸಿನಲ್ಲಿ ಏನಿತ್ತು? ಈ ಪ್ರಶ್ನೆಯ ಬೆನ್ನು ಹತ್ತಿ ನಾಲ್ಕೈದು ತಿಂಗಳು ಅವರ ಬಗ್ಗೆ ಬರೆದ ಪುಸ್ತಕಗಳನ್ನು ತರಿಸಿ ಓದಿದೆ. ಒಬ್ಬ ಮಕ್ಕಳ ಲೇಖಕನ ಮೇಲೆ ಇಷ್ಟೊಂದು ದಫ್ತರವಿರಬಹುದೆಂದು ನಾನು ಎಣಿಸಿರಲಿಲ್ಲ.

ದಫ್ತರವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಲೂಯಿಸರು ಹುಟ್ಟಿದ್ದು 1898ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ತಂದೆ ಆಲ್ಬರ್ಟ್ ಅಲ್ಲಿನ ಪೊಲೀಸ್ ನ್ಯಾಯಾಲಯದಲ್ಲಿ ಕೆಲಸ ಮಾಡುತ್ತಿದ್ದ ವಕೀಲರು, ಒಂದು ಚೀಟಿಯನ್ನೂ ಎಸೆಯದ ಮನುಷ್ಯ. ಅವರು 1929ರಲ್ಲಿ ತೀರಿಕೊಂಡ ಮೇಲೆ ಹಿರಿಯ ಮಗ ವಾರನ್ ಆ ಕಾಗದಪತ್ರಗಳನ್ನೆಲ್ಲ ಕಾಲಕ್ರಮಕ್ಕೆ ಜೋಡಿಸಿ, ಬೆರಳಚ್ಚು ಯಂತ್ರದಲ್ಲಿ ಹೊಡೆದು, ಹನ್ನೊಂದು ಸಂಪುಟ ಮಾಡಿದರು. ಇಂದಿನವರೆಗೆ ಲೂಯಿಸರ ಜೀವನಚರಿತ್ರೆ ಬರೆದವರೆಲ್ಲ ಅವರ ಬಾಲ್ಯಕ್ಕಾಗಿ ಮೊರೆಹೋಗುವುದು ಈ ಸಂಪುಟಗಳನ್ನೇ. ನನ್ನ ಕಚೇರಿಯ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿರುವ ಕಡತಗಳನ್ನು ಕಂಡು ಸಿಡಿಮಿಡಿಗೊಳ್ಳುವ ನನ್ನ ಹೆಂಡತಿಗೆ ಈ ಪ್ರಸಂಗವನ್ನು ಓದಿ ಹೇಳಿದ್ದೇನೆ. ಪ್ರಯೋಜನವಾಗಲಿಲ್ಲ.

ಮೊದಲ ಸಾಕ್ಷಿ ಲೂಯಿಸರೇ. 1960ರ ಒಂದು ಪುಟ್ಟ ಬರಹದಲ್ಲಿ ಅವರು ಕೊಡುವ ಹೇಳಿಕೆ ಇದು: ಎಲ್ಲವೂ ಒಂದು ಚಿತ್ರದಿಂದ ಆರಂಭವಾಯಿತು. ಹಿಮ ಬಿದ್ದ ಕಾಡಿನಲ್ಲಿ, ಅರೆ ಮನುಷ್ಯ ಅರೆ ಮೇಕೆಯಾದ ಜೀವಿಯೊಂದು ಕೊಡೆ ಹಿಡಿದು, ಕೆಲವು ಪೊಟ್ಟಣಗಳನ್ನು ಹೊತ್ತು ಹೋಗುತ್ತಿದೆ. ಈ ಚಿತ್ರ ಹದಿನಾರರ ಪ್ರಾಯದಿಂದ ಅವರ ಮನಸ್ಸಿನಲ್ಲಿತ್ತು. ನಲವತ್ತರ ಹೊತ್ತಿಗೆ ಅದನ್ನು ಕಥೆ ಮಾಡಲು ಹೊರಟರು, ಮುಂದೇನೆಂದು ಗೊತ್ತಿರಲಿಲ್ಲ, ಆಮೇಲೆ ಒಮ್ಮೆಲೇ ಸಿಂಹ ನೆಗೆದು ಬಂತು. 1956ರ ಇನ್ನೊಂದು ಪ್ರಬಂಧದಲ್ಲಿ ಇದನ್ನೇ ವಿಸ್ತರಿಸುತ್ತಾರೆ: ಮೊದಲು ಬಂದದ್ದು ಚಿತ್ರಗಳು, ಕ್ರೈಸ್ತ ವಿಚಾರ ತಾನಾಗಿ ನುಗ್ಗಿ ಬಂತು. ಆದರೆ ಅದೇ ಪ್ರಬಂಧದಲ್ಲಿ ನನ್ನ ಮಗಳ ಪರವಾದ ಅತ್ಯಂತ ಬಲವಾದ ದಾಖಲೆಯೂ ಇದೆ. ಭಕ್ತಿ ಹುಟ್ಟಬೇಕೆಂದು ಹಿರಿಯರು ಕಡ್ಡಾಯ ಮಾಡಿದಾಗ ಮಗುವಿನ ಭಾವನೆ ಹೆಪ್ಪುಗಟ್ಟುತ್ತದೆ, ಇಂತಹ ಕಾವಲುಗಾರರ ಕಣ್ಣು ತಪ್ಪಿಸಿ ಕಥೆಯ ಮೂಲಕ ಒಳಹೋಗಬಹುದಲ್ಲವೇ ಎಂದು ತಾವು ಯೋಚಿಸಿದ್ದನ್ನು ಅವರು ಒಪ್ಪಿಕೊಂಡಿದ್ದಾರೆ.

ತನ್ನ ಬಗ್ಗೆ ತಾನೇ ನುಡಿಯುವ ಸಾಕ್ಷಿಯನ್ನು ಎಷ್ಟು ನಂಬಬೇಕು? ಹಲವು ವರ್ಷಗಳ ಹಿಂದೆ ಅಡಿಕೆ ತೋಟದ ಪಾಲು ದಾವೆಯೊಂದರಲ್ಲಿ ವೃದ್ಧರೊಬ್ಬರು ತಮ್ಮ ತಂದೆ ತೀರಿಕೊಂಡ ವರ್ಷವನ್ನೇ ತಪ್ಪಾಗಿ ಹೇಳಿದ್ದರು. ಮರಣಪತ್ರ ತೋರಿಸಿದಾಗ ದಂಗಾದರು. ಅವರು ಸುಳ್ಳು ಹೇಳಿರಲಿಲ್ಲ. ಆ ಸಾವು ಅವರ ಬದುಕಿನಲ್ಲಿ ಎಲ್ಲಿ ಕುಳಿತಿತ್ತೋ ಅಲ್ಲಿಂದ ಹೇಳಿದ್ದರು. ಅಲಿಸ್ಟರ್ ಮೆಕ್‌ಗ್ರಾತ್ ಎಂಬ ವಿದ್ವಾಂಸರು 2013ರ ಜೀವನಚರಿತ್ರೆಯಲ್ಲಿ ಲೂಯಿಸರಿಗೆ ಇಂತಹುದೇ ಪಾಟೀಸವಾಲು ಹಾಕಿದ್ದಾರೆ. ನಾಸ್ತಿಕನಾಗಿದ್ದ ತಾನು ದೇವರಿದ್ದಾನೆಂದು ಒಪ್ಪಿದ್ದು 1929ರಲ್ಲಿ ಎಂದು ಲೂಯಿಸರು 1955ರ ತಮ್ಮ ಆತ್ಮಕಥೆ 'ಸರ್ಪ್ರೈಸ್ಡ್ ಬೈ ಜಾಯ್'ನಲ್ಲಿ ಬರೆದಿದ್ದರು. ಎಲ್ಲರೂ ಅದನ್ನೇ ಪುನರುಚ್ಚರಿಸುತ್ತ ಬಂದಿದ್ದರು. ಮೆಕ್‌ಗ್ರಾತ್ ಆ ಕಾಲದ ಪತ್ರಗಳನ್ನು ಸಾಲಾಗಿ ಓದಿ, ಅಂತಹ ಬದಲಾವಣೆಯ ಗುರುತು ಕಾಣುವುದು 1930ರಲ್ಲಿ ಮಾತ್ರ ಎಂದು ವಾದಿಸಿದರು. ವರ್ಷವೊಂದರ ವ್ಯತ್ಯಾಸ ಯಾರಿಗೂ ನಷ್ಟ ತರುವಂತಹುದಲ್ಲ. ಆದರೆ ಪ್ರಾಮಾಣಿಕನಾದ ಲೇಖಕನ ಮಾತನ್ನೂ ಕಾಗದದೊಡನೆ ಹೋಲಿಸಿ ನೋಡಬೇಕೆಂಬ ಶಿಸ್ತನ್ನು ಈ ಪುಸ್ತಕದಿಂದ ಕಲಿಯಬಹುದು.

ಎ. ಎನ್. ವಿಲ್ಸನ್ನರ 1990ರ ಜೀವನಚರಿತ್ರೆಗೆ ಆ ಶಿಸ್ತು ಸ್ವಲ್ಪ ಕಡಿಮೆ. ಬರವಣಿಗೆ ಎಲ್ಲರಿಗಿಂತ ಸೊಗಸು, ಅದೇ ಅಪಾಯ. 1948ರ ಫೆಬ್ರವರಿ 2ರಂದು ಆಕ್ಸ್‌ಫರ್ಡಿನ ಸಾಕ್ರಟಿಕ್ ಕ್ಲಬ್ಬಿನಲ್ಲಿ ಎಲಿಜಬೆತ್ ಆ್ಯನ್ಸ್‌ಕಂಬ್ ಎಂಬ ತರುಣ ತತ್ತ್ವಜ್ಞಾನಿ ಲೂಯಿಸರ 'ಮಿರಕಲ್ಸ್' ಗ್ರಂಥದ ಒಂದು ವಾದವನ್ನು ಬಿಚ್ಚಿ ತೂತು ತೋರಿಸಿದರು. ಆ ಸೋಲಿನ ಆಘಾತದಿಂದಲೇ ಲೂಯಿಸರು ತರ್ಕವನ್ನು ಬಿಟ್ಟು ಮಕ್ಕಳ ಕಥೆಯತ್ತ ತಿರುಗಿದರೆಂಬುದು ವಿಲ್ಸನ್ನರ ನಿರೂಪಣೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ವಾದದಲ್ಲಿ ಗೆದ್ದರೆನ್ನಲಾದ ಆ್ಯನ್ಸ್‌ಕಂಬರೇ ಮುಂದೆ ಬರೆದಿರುವಂತೆ, ಆ ಸಂಜೆ ನಡೆದದ್ದು ಒಂದು ಗಂಭೀರ ಚರ್ಚೆ. ಲೂಯಿಸರು ಆ ಅಧ್ಯಾಯವನ್ನು ತಿದ್ದಿ ಬರೆದದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ತಿದ್ದಿದ ಅಧ್ಯಾಯ 1960ರ ಆವೃತ್ತಿಯಲ್ಲಿದೆ. ಇನ್ನೂ ಮುಖ್ಯವಾದ ದಾಖಲೆಯೊಂದನ್ನು, ಲೂಯಿಸರ ಒಡನಾಡಿಗಳಾಗಿದ್ದ ರೋಜರ್ ಲ್ಯಾನ್ಸ್‌ಲಿನ್ ಗ್ರೀನ್ ಮತ್ತು ವಾಲ್ಟರ್ ಹೂಪರ್ ತಮ್ಮ 1974ರ ಪುಸ್ತಕದಲ್ಲಿ ಹಾಜರುಪಡಿಸಿದ್ದರು. ಇನ್ನಾವುದೋ ಹಸ್ತಪ್ರತಿಯ ಹಾಳೆಯ ಹಿಂಬದಿಯಲ್ಲಿ ಲೂಯಿಸರು ಗೀಚಿದ ಕೆಲವು ಸಾಲುಗಳು: ಯುದ್ಧದ ಭಯದಿಂದ ಲಂಡನ್ನಿನಿಂದ ಹೊರಗೆ ಕಳುಹಿಸಲಾದ ನಾಲ್ವರು ಮಕ್ಕಳು, ಅವರಲ್ಲಿ ಒಬ್ಬನ ಹೆಸರು ಪೀಟರ್. ಅದು ಎರಡನೆಯ ಮಹಾಯುದ್ಧದ ಆರಂಭದ ದಿನಗಳದ್ದೆಂದು ನಂಬಲಾಗಿದೆ. ಆಗ ಲೂಯಿಸರಿಗೆ ನಲವತ್ತು ದಾಟಿತ್ತಷ್ಟೆ. ಅವರ 1960ರ ಹೇಳಿಕೆಯೊಡನೆ ಈ ಹಾಳೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಅದರಲ್ಲಿ ಮಕ್ಕಳಿದ್ದಾರೆ, ಸಿಂಹವಿಲ್ಲ. ಆರಂಭದಲ್ಲಿಯೇ ಉದ್ದೇಶವಿತ್ತೆಂಬ ನನ್ನ ಮಗಳ ವಾದಕ್ಕೆ ಮೊದಲ ಪೆಟ್ಟು ಇಲ್ಲಿಯೇ.

ಇವೆಲ್ಲವುಗಳ ನಡುವೆ ನನ್ನನ್ನು ಹೆಚ್ಚು ಕಾಲ ಹಿಡಿದು ಕೂರಿಸಿದ್ದು ಮೈಕೆಲ್ ವಾರ್ಡ್ ಅವರ 2008ರ 'ಪ್ಲಾನೆಟ್ ನಾರ್ನಿಯಾ'. ಏಳು ಪುಸ್ತಕಗಳು ಒಂದಕ್ಕೊಂದು ಹೊಂದದಂತೆ ಕಾಣುತ್ತವೆ, ಕ್ರಿಸ್ತನ ಕಥೆಯೊಂದರಿಂದಲೇ ಅವನ್ನು ವಿವರಿಸಲಾಗದು ಎಂಬುದು ಹಳೆಯ ಆಕ್ಷೇಪ. ವಾರ್ಡ್ ಹೇಳುವುದೇನೆಂದರೆ, ಒಂದೊಂದು ಪುಸ್ತಕವೂ ಮಧ್ಯಯುಗದ ಯುರೋಪು ನಂಬಿದ್ದ ಏಳು ಗ್ರಹಗಳಲ್ಲಿ ಒಂದೊಂದರ ಗುಣದಿಂದ ರಚಿತವಾಗಿದೆ. ಚಳಿಗಾಲ ಕರಗಿ ಹಬ್ಬ ಬರುವ ಮೊದಲ ಕಥೆ ಗುರುವಿನದು. ಯುದ್ಧದ 'ಪ್ರಿನ್ಸ್ ಕ್ಯಾಸ್ಪಿಯನ್' ಕುಜನದು. ಬಂಗಾರದ ಬೆಳಕಿನ ಸಮುದ್ರಯಾನ ರವಿಯದು. 'ದಿ ಸಿಲ್ವರ್ ಚೇರ್' ಚಂದ್ರನದು. ಅನಂತರ ಕ್ರಮವಾಗಿ ಬುಧ, ಶುಕ್ರ, ಕೊನೆಗೆ ಸರ್ವನಾಶದ 'ದಿ ಲಾಸ್ಟ್ ಬ್ಯಾಟಲ್' ಶನಿಯದು. ಇಂಗ್ಲಿಷ್ ಓದುಗರಿಗೆ ಇದನ್ನು ಅರ್ಥಮಾಡಿಸಲು ವಾರ್ಡ್ ಪುಟಗಟ್ಟಲೆ ಶ್ರಮಿಸಬೇಕಾಗಿದೆ. ವಾರಗಳ ಹೆಸರಿನಲ್ಲೇ ಆ ಏಳು ಗ್ರಹಗಳನ್ನು ದಿನವೂ ಹೇಳುವ, ಶನಿಯೆಂದರೆ ಏನೆಂದು ಯಾರಿಂದಲೂ ಕೇಳಿ ತಿಳಿಯಬೇಕಿಲ್ಲದ ನಮಗೆ ಅರ್ಧ ಪುಟ ಸಾಕು.

ಲೂಯಿಸರು ಮಧ್ಯಯುಗದ ಸಾಹಿತ್ಯದ ಪ್ರಾಧ್ಯಾಪಕರು, ಗ್ರಹಗಳ ಮೇಲೆ ಕವನ ಬರೆದವರು. ಆದ್ದರಿಂದ ಇದು ಅಸಂಭವವಲ್ಲ. ಆದರೆ ಹದಿಮೂರು ವರ್ಷಗಳಲ್ಲಿ ಅಣ್ಣನಿಗಾಗಲಿ ಗೆಳೆಯರಿಗಾಗಲಿ ಇದರ ಸುಳಿವನ್ನು ಅವರು ಬಾಯಿಬಿಟ್ಟು ಹೇಳಿದ ದಾಖಲೆಯಿಲ್ಲ. ಉಳಿಯುವುದು ಸಾಂದರ್ಭಿಕ ಸಾಕ್ಷ್ಯ; ಅಂತಹ ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ಬಿಟ್ಟುಹೋಗಿರಬಾರದೆಂಬುದು ನಮ್ಮ ನ್ಯಾಯಾಲಯಗಳ ನಿಯಮ. ಈ ಪ್ರಕರಣವನ್ನು ನಾನು ವಹಿಸಿಕೊಂಡರೆ ಸೋಲುತ್ತೇನೆ. ಆದರೂ ಆ ಪುಸ್ತಕ ಓದಿದ ಮೇಲೆ ಗುರುವನ್ನು ನೆನೆಯದೆ ಆ ಹಿಮ ಕರಗುವ ಅಧ್ಯಾಯವನ್ನು ಓದಲಾಗುತ್ತಿಲ್ಲ.

ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದಬೇಕೆಂಬ ತಕರಾರು ಇನ್ನೊಂದು. ಆರನೆಯದಾಗಿ, 1955ರಲ್ಲಿ ಬಂದ 'ದಿ ಮೆಜೀಷಿಯನ್ಸ್ ನೆಫ್ಯೂ' ಕಥಾಕಾಲದ ಪ್ರಕಾರ ಎಲ್ಲಕ್ಕಿಂತ ಹಿಂದಿನದು. ಮೊದಲು ಅದನ್ನೇ ಓದುವುದು ಸರಿಯೇ ಎಂದು ಅಮೆರಿಕದ ಬಾಲಕನೊಬ್ಬ ಕೇಳಿದ್ದಕ್ಕೆ 1957ರಲ್ಲಿ ಲೂಯಿಸರು, ನಿನ್ನ ಅಭಿಪ್ರಾಯವೇ ನನಗೂ ಒಪ್ಪಿಗೆ, ಆದರೆ ಕ್ರಮಕ್ಕೆ ಅಷ್ಟು ಮಹತ್ತ್ವವಿಲ್ಲದಿರಬಹುದು ಎಂಬರ್ಥದ ಉತ್ತರ ಬರೆದರು. ಮಗುವಿನ ಮನಸ್ಸು ನೋಯಬಾರದೆಂಬ ಸೌಜನ್ಯದ ಮಾತು. 1994ರಿಂದ ಪ್ರಕಾಶಕರು ಅದನ್ನೇ ಶಾಸನ ಮಾಡಿ ಪುಸ್ತಕಗಳ ಬೆನ್ನಿನ ಅಂಕಿಗಳನ್ನು ಬದಲಿಸಿದರು. ನ್ಯಾಯಾಧೀಶರು ದಾರಿಯಲ್ಲಿ ಆಡಿದ ಪ್ರಾಸಂಗಿಕ ಮಾತನ್ನು ತೀರ್ಪೆಂದು ಉದ್ಧರಿಸುವ ಕಿರಿಯ ವಕೀಲರನ್ನು ನಾನು ಬಹಳ ನೋಡಿದ್ದೇನೆ. ನಮ್ಮ ಮನೆಯ ಸೆಟ್ಟಿನಲ್ಲಿಯೂ ಒಂದನೆಯ ಅಂಕಿ ಇರುವುದು ಆ ಆರನೆಯ ಪುಸ್ತಕಕ್ಕೇ. ಅದನ್ನು ಬದಿಗಿರಿಸಿ, ಬಟ್ಟೆಯ ಕಪಾಟಿನ ಬಾಗಿಲು ತೆರೆದು ಹಿಮದೊಳಗೆ ಕಾಲಿಡುವ ಕಥೆಯಿಂದಲೇ ಮಗಳನ್ನು ಆರಂಭಿಸಿಸಿದ್ದೆ.

ಅವಳದೇ ಫಿರ್ಯಾದನ್ನು ಅವಳಿಗಿಂತ ಮೊದಲು ಹೂಡಿದವರೊಬ್ಬರಿದ್ದಾರೆ. ಲಾರಾ ಮಿಲ್ಲರ್ ಎಂಬ ಅಮೆರಿಕದ ವಿಮರ್ಶಕಿ. ಶಾಲೆಯ ಅಧ್ಯಾಪಿಕೆಯೊಬ್ಬರು ಕೊಟ್ಟ ನಾರ್ನಿಯಾವನ್ನು ಬಾಲ್ಯದಲ್ಲಿ ಉಸಿರಿನಂತೆ ಪ್ರೀತಿಸಿ, ಹರೆಯದ ಹೊಸ್ತಿಲಲ್ಲಿ ಒಳಗಿನ ಕ್ರೈಸ್ತ ಅರ್ಥ ತಿಳಿದಾಗ ವಂಚಿತಳಾದೆನೆಂದು ಕುದಿದು ದೂರ ಸರಿದವರು. 2008ರ 'ದಿ ಮೆಜೀಷಿಯನ್ಸ್ ಬುಕ್' ಅವರು ಮರಳಿ ಬಂದ ಕಥೆ. ಅವರು ಲೂಯಿಸರನ್ನು ಬಿಡುಗಡೆ ಮಾಡುವುದಿಲ್ಲ. ಹುಡುಗಿಯರ ಬಗೆಗಿನ ಅವರ ಸಣ್ಣತನ, ದಕ್ಷಿಣ ದೇಶದ ಕಂದುಬಣ್ಣದ, ಮುಂಡಾಸು ಸುತ್ತಿದ ಕ್ರೂರ ಜನರ ಚಿತ್ರಣ, ಎಲ್ಲವನ್ನೂ ಎತ್ತಿ ಹೇಳುತ್ತಾರೆ. ನನ್ನ ಮಟ್ಟಿಗೆ ಸಿಂಹಕ್ಕಿಂತ ಆ ಮುಂಡಾಸಿನ ಜನರ ವಿಷಯದಲ್ಲಿಯೇ ಲೇಖಕರು ನಮಗೆ ಉತ್ತರ ಕೊಡಬೇಕು. ಮಗಳು ಅದನ್ನು ಗಮನಿಸದೆ ದಾಟಿದ್ದಳು. ನಾನು ತೋರಿಸಿದ ಮೇಲೆ ಮುಖ ಕೆಂಪಾಯಿತು. ಆದರೂ ಮಿಲ್ಲರ್ ತಾವು ಬಾಲ್ಯದಲ್ಲಿ ಕಂಡದ್ದು ನಿಜವಾಗಿಯೂ ಅಲ್ಲಿತ್ತು, ಅದನ್ನು ಕಾಣಲು ಲೇಖಕನ ನಂಬಿಕೆಯ ಅಪ್ಪಣೆ ಬೇಕಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಊರವರಿಗೆ ಇದು ಅಪರಿಚಿತವಲ್ಲ. ಪ್ರಸಂಗದ ಪದ್ಯ ಅದೇ. ಅರ್ಥಧಾರಿಗೆ ತಕ್ಕಂತೆ ವಾಲಿಯ ಮಾತೇ ಮೇಲಾಗುವ ರಾತ್ರಿಯೂ ಇದೆ, ರಾಮನದು ಮೇಲಾಗುವ ರಾತ್ರಿಯೂ ಇದೆ.

ಎಲ್ಲ ಓದಿದ ಮೇಲೆ ಪ್ರತಿವಾದಿಯ ಪರವಾದ ಎರಡು ದಾಖಲೆಗಳನ್ನು ಮಗಳ ಮುಂದಿಟ್ಟೆ. ಮೊದಲನೆಯದು 1954ರಲ್ಲಿ ಲೂಯಿಸರು ಅಮೆರಿಕದ ಮೇರಿಲ್ಯಾಂಡಿನ ಐದನೆಯ ತರಗತಿಯ ಮಕ್ಕಳಿಗೆ ಬರೆದ ಪತ್ರ. ನಾರ್ನಿಯಾದಂತಹ ಲೋಕವೊಂದಿದ್ದು, ದೇವರ ಮಗ ಅಲ್ಲಿ ಸಿಂಹವಾಗಿ ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸಿ ನೋಡಿದೆ ಎಂದು ಅದರಲ್ಲಿ ನೇರವಾಗಿಯೇ ಹೇಳಿದ್ದಾರೆ. ಕೇಳಿದ ಮಕ್ಕಳಿಂದ ಮುಚ್ಚಿಟ್ಟವರಲ್ಲ. ಎರಡನೆಯದು ಅವಳೇ ಓದಿ ಮುಗಿಸಿದ ಮೂರನೆಯ ಪುಸ್ತಕದ ಕೊನೆಯ ಪುಟಗಳು. ನಿಮ್ಮ ಲೋಕದಲ್ಲಿ ನನಗೆ ಬೇರೊಂದು ಹೆಸರಿದೆ, ಅದನ್ನು ನೀವು ಅರಿಯಬೇಕು ಎಂದು ಸಿಂಹವೇ ಅಲ್ಲಿ ಮಕ್ಕಳಿಗೆ ತಿಳಿಸುತ್ತದೆ. ಅವಳು ಆ ಪುಟವನ್ನು ಎರಡು ಸಲ ಓದಿದಳು. "ಇದು ಸಾಲದು. ನನಗೆ ಆಗ ಅರ್ಥವಾಗಿರಲಿಲ್ಲ" ಎಂದಳು. ಕರಾರುಪತ್ರಕ್ಕೆ ಓದದೆ ರುಜು ಹಾಕಿದ ಎಷ್ಟೋ ಕಕ್ಷಿಗಾರರು ನನ್ನೆದುರು ಹೇಳಿದ ಮಾತೇ ಅದು. ಅವರ ಮಾತಿನಲ್ಲಿಯೂ ನ್ಯಾಯವಿಲ್ಲವೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಆಮೇಲೆ ಓದದೆ ಉಳಿದಿದ್ದ ಆರನೆಯ ಪುಸ್ತಕದ ಮಾತು ಬಂತು. ಕಥೆಯನ್ನು ಪೂರ್ತಿ ಬಿಟ್ಟುಕೊಡದೆ ಇಷ್ಟು ಹೇಳಿದೆ: ಅದರಲ್ಲಿ ಡಿಗೊರಿ ಎಂಬ ಹುಡುಗನಿದ್ದಾನೆ, ಅವನ ತಾಯಿ ಸಾವಿನ ಹಾಸಿಗೆಯಲ್ಲಿದ್ದಾಳೆ, ಅವಳನ್ನು ಉಳಿಸಬಲ್ಲ ಒಂದು ಸೇಬು ನಾರ್ನಿಯಾದಲ್ಲಿದೆ. ಲೂಯಿಸರ ತಾಯಿ ಫ್ಲೋರಾ, ಆ ಕಾಲಕ್ಕೆ ಗಣಿತದಲ್ಲಿ ಪದವಿ ಪಡೆದಿದ್ದ ಹೆಂಗಸು, ಅರ್ಬುದ ರೋಗದಿಂದ ಮಲಗಿದಾಗ ಕಿರಿಯ ಮಗನಿಗೆ ಒಂಬತ್ತು ವರ್ಷ. ತಾಯಿ ಗುಣವಾಗಲೆಂದು ಅವನು ದೇವರನ್ನು ಬೇಡಿಕೊಂಡಿದ್ದ. 1908ರ ಆಗಸ್ಟ್ 23, ಆಲ್ಬರ್ಟರ ಹುಟ್ಟುಹಬ್ಬದ ದಿನ. ಅಂದು ಮನೆಯ ಕ್ಯಾಲೆಂಡರಿನಲ್ಲಿದ್ದ ಷೇಕ್ಸ್‌ಪಿಯರನ ಸಾಲೊಂದನ್ನು, ಐವತ್ತೈದು ವರ್ಷಗಳ ಮೇಲೆ ತಮ್ಮ ತೀರಿಕೊಂಡಾಗ, ವಾರನ್ ಅವರ ಗೋರಿಯ ಕಲ್ಲಿನ ಮೇಲೆ ಕೆತ್ತಿಸಿದರು.

"ಅವರ ಅಮ್ಮ ಗುಣವಾಗಲಿಲ್ಲವಾ?" ಎಂದು ಕೇಳಿದಳು.

"ಇಲ್ಲ."

ಸ್ವಲ್ಪ ಹೊತ್ತು ಕುರ್ಚಿಯಲ್ಲೇ ಕುಳಿತಿದ್ದು, ಫಿರ್ಯಾದಿನ ಬಗ್ಗೆ ಏನನ್ನೂ ಹೇಳದೆ, ಕಪಾಟಿನಿಂದ ಒಂದನೆಯ ಅಂಕಿಯ ಆ ಆರನೆಯ ಪುಸ್ತಕವನ್ನು ತೆಗೆದುಕೊಂಡು ಹೋದಳು.